ಗೇರ್‌ಬಾಕ್ಸಿನ ಮೇಲಿದ್ದ ನಂಬರು

ನನ್ನನ್ನು ಜನ ‘ಭೂತಗನ್ನಡಿ’ ಎಂದು ಕರೆಯುತ್ತಾರೆ. ಹಳೆಯ ಟ್ರ್ಯಾಕ್ಟರೊಂದನ್ನು ಎದುರು ನಿಲ್ಲಿಸಿದರೆ ಅದು ಯಾವ ಮಾಡೆಲ್, ಯಾವ ವರ್ಷದ್ದು, ಕಾರ್ಖಾನೆಯಿಂದ ಹೊರಬಿದ್ದಾಗ ಮೈಗೆ ಯಾವ ಬಣ್ಣ, ಗಾಲಿಗೆ ಯಾವ ಬಣ್ಣ ಇತ್ತು ಎಂದು ಹೇಳುವುದು ನನ್ನ ಕೆಲಸ. ನಲವತ್ತೈದು ವರ್ಷ ಗ್ರೀಸಿನಲ್ಲಿ ಕೈಯಾಡಿಸಿ ಸಂಪಾದಿಸಿದ ಹೆಸರು ಇದು. ಈ ಹೆಸರನ್ನು ಉಳಿಸಿಕೊಳ್ಳಲು ನನ್ನ ಭಾವನನ್ನು ಹನ್ನೊಂದು ವರ್ಷ ಊರಿನ ಕಣ್ಣಲ್ಲಿ ಸುಳ್ಳುಗಾರನನ್ನಾಗಿ ಮಾಡಿಟ್ಟಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಬಚ್ಚಿಟ್ಟುಕೊಂಡು, ಆಮೇಲೆ ನಿಮ್ಮಿಂದ ‘ಅಯ್ಯೋ ಪಾಪ’ ಅನ್ನಿಸಿಕೊಳ್ಳುವ ಆಸೆ ನನಗಿಲ್ಲ.

ಭಾವ ಅಂದರೆ ಅಕ್ಕನ ಗಂಡ. ಹನ್ನೊಂದು ವರ್ಷದ ಹಿಂದೆ ಹಳೆಯ ಯಂತ್ರಗಳ ಪ್ರದರ್ಶನಕ್ಕೆ ಅವರೂ ತಮ್ಮ ಟ್ರ್ಯಾಕ್ಟರ್ ತಂದಿದ್ದರು. ಆ ಕಂಪನಿಯವರು ಈ ಮಾಡೆಲನ್ನು ಎರಡು ಸರಣಿಯಲ್ಲಿ ಮಾಡಿದ್ದರು. ಮೊದಲ ಸರಣಿಗೆ ಮೋಟು ಮೂಗು, ಅಂದರೆ ಗಿಡ್ಡ ಬಾನೆಟ್ಟು, ಬೂದುನೀಲಿ ಮೈ, ಕೆನೆ ಬಣ್ಣದ ಗಾಲಿ. ಎರಡನೆಯದಕ್ಕೆ ಉದ್ದ ಮೂಗು, ಕೆಂಪು ಗಾಲಿ. ಮೊದಲನೆಯವು ಈಗ ಬೆರಳೆಣಿಕೆಯಷ್ಟು ಉಳಿದಿವೆ. ತಮ್ಮದು ಮೊದಲ ಸರಣಿಯದು ಎಂದು ಭಾವ ಫಲಕ ಬರೆದು, ಗಾಲಿಗೆ ಹೊಸದಾಗಿ ಕೆನೆ ಬಣ್ಣ ಬಳಿದು, ಮಗುವಿಗೆ ತಲೆ ಬಾಚಿದಷ್ಟು ಮುತುವರ್ಜಿಯಿಂದ ಒರೆಸಿ ನಿಲ್ಲಿಸಿದ್ದರು. ತೀರ್ಪು ಹೇಳುವವನು ನಾನು.

ಸಂಬಂಧಿ ಎಂದು ಸಲಿಗೆ ತೋರಿಸಿದ ಅನ್ನಿಸಿಕೊಳ್ಳಬಾರದಲ್ಲ, ಅದಕ್ಕೇ ಬೇರೆಯವರಿಗಿಂತ ಬಿಗಿಯಾಗಿ ನೋಡಿದೆ. ಬಿಗಿಯಾಗಿ ನೋಡುವುದೂ ಸರಿಯಾಗಿ ನೋಡುವುದೂ ಬೇರೆ ಬೇರೆ ಎಂಬುದು ಆಗ ತಿಳಿಯಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ನಂಬರಿದ್ದ ತಗಡಿನ ಪಟ್ಟಿ ಯಾವಾಗಲೋ ಕಳೆದುಹೋಗಿತ್ತು. ಆದರೆ ಈ ಮಾಡೆಲ್‌ಗೆ ಗೇರ್‌ಬಾಕ್ಸಿನ ಹೊರಕವಚದ ಎಡಗಡೆಯೂ ನಂಬರು ಹೊಡೆದಿರುತ್ತಾರೆ. ಹನ್ನೆರಡು ಸಾವಿರದ ಒಳಗಿದ್ದರೆ ಮೊದಲ ಸರಣಿ. ಅಲ್ಲಿದ್ದದ್ದು ಹತ್ತೊಂಬತ್ತು ಸಾವಿರದ ನಾನೂರ ಆರು. ಗಾಲಿಯನ್ನು ಉಗುರಿನಿಂದ ಕೆರೆದೆ. ಕೆನೆ ಬಣ್ಣದ ಕೆಳಗೆ ಕೆಂಪು ಕಾಣಿಸಿತು. ಅಷ್ಟು ಸಾಕಾಯಿತು ನನಗೆ.

‘ಇನ್ನೊಂದ್ ಸಲ ನೋಡು,’ ಎಂದರು ಭಾವ, ಮೆಲ್ಲಗೆ.

ಕೈಯಲ್ಲಿ ಮೈಕು, ಎದುರಿಗೆ ನಾನೂರು ಜನ. ನಾಲಿಗೆಗೆ ಇನ್ನೇನು ಬೇಕು? ‘ಕಬ್ಬಿಣ ಸುಳ್ಳು ಹೇಳಲ್ಲ ಭಾವ, ಮನುಷ್ಯರು ಹೇಳ್ತಾರೆ,’ ಎಂದುಬಿಟ್ಟೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಎರಡನೇ ಸರಣಿ. ಮೊದಲ ಸರಣಿಯಂತೆ ಕಾಣಲು ಮೂಗು, ಬಣ್ಣ ಬದಲಾಯಿಸಲಾಗಿದೆ’ ಎಂದು ರಿಜಿಸ್ಟರಿನಲ್ಲಿ ಬರೆಸಿದೆ. ಭಾವ ಫಲಕ ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಮರುದಿನದಿಂದ ಆ ಟ್ರ್ಯಾಕ್ಟರ್ ಟಾರ್ಪಾಲಿನ ಕೆಳಗೆ ಸೇರಿತು.

ಮೂರನೆಯ ದಿನ ಬೇರೊಂದು ಟ್ರ್ಯಾಕ್ಟರಿನ ಕೆಳಗೆ ಮಲಗಿ ಗೇರ್‌ಬಾಕ್ಸ್ ಇಳಿಸುತ್ತಿದ್ದೆ. ಜಾಕಿನ ಮೇಲೆ ಕವಚದ ಭಾರ ಕೂತಾಗ ಕೈಗೆ ಮೊದಲು ನೆನಪಾಯಿತು, ಆಮೇಲೆ ತಲೆಗೆ. ನನಗೆ ಹತ್ತೊಂಬತ್ತು ವರ್ಷವಿದ್ದಾಗ, ಮೇಸ್ತ್ರಿಯ ವರ್ಕ್‌ಶಾಪಿನಲ್ಲಿ ಕೆಲಸ ಕಲಿಯುತ್ತಿದ್ದಾಗ, ಭಾವನ ಇದೇ ಟ್ರ್ಯಾಕ್ಟರ್ ಸರ್ವಿಸಿಗೆ ಬಂದಿತ್ತು. ಹಳೆಯ ಗೇರ್ ಆಯಿಲ್ ಇಳಿಸಿದವನು ಹೊಸದನ್ನು ಹಾಕಲು ಮರೆತೆ. ಭಾವ ಅದನ್ನು ಓಡಿಸಿಕೊಂಡು ಹೋಗಿ ಎರಡು ದಿನ ಉತ್ತರು. ಒಳಗಿನ ಗೇರು ಕಚ್ಚಿಕೊಂಡು ಮುರಿದು, ಕವಚವೇ ಬಿರುಕು ಬಿಟ್ಟಿತು. ಮೇಸ್ತ್ರಿಗೆ ತಿಳಿದಿದ್ದರೆ ಅವತ್ತೇ ನನ್ನನ್ನು ಹೊರಗೆ ಹಾಕುತ್ತಿದ್ದ. ಭಾವ ಅವನ ಹತ್ತಿರ, ‘ಬಂಡೆಗೆ ಗುದ್ದಿಸಿಬಿಟ್ಟೆ’ ಎಂದರು. ಗುಜರಿಯಿಂದ ಬೇರೆ ಗೇರ್‌ಬಾಕ್ಸ್ ತಂದರು. ಒಂದು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಅವರ ಶೆಡ್ಡಿನಲ್ಲೇ ಇಬ್ಬರೂ ಸೇರಿ ಕೂರಿಸಿದೆವು. ಅಕ್ಕ ಆಗಾಗ ಟೀ ತಂದುಕೊಟ್ಟು, ಗಂಡ ಬಂಡೆಗೆ ಗುದ್ದಿಸಿದ್ದಕ್ಕೆ ನಾಲ್ಕು ಮಾತು ಬೈದು ಹೋಗುತ್ತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ನಾನು ಟೀ ಕುಡಿದು ಸುಮ್ಮನಿದ್ದೆ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ನಂಬರಿರುವ ಭಾಗ ಬದಲಾಯಿಸಿದರೆ, ಬಂದ ಭಾಗದ ನಂಬರಿನ ಪಕ್ಕದಲ್ಲೇ ಗಾಡಿಯ ಹಳೆಯ ನಂಬರನ್ನೂ ಹೊಡೆಯಬೇಕು. ‘ಹೊಡೀಲಿಲ್ಲ ಅಂದ್ರೆ ಗಾಡಿಗೆ ಕಳ್ಳ ಜಾತಕ ಬರೆದ ಹಾಗೆ ಕಣೋ’ ಎಂದು ಮೇಸ್ತ್ರಿ ದಿನಾ ಹೇಳುತ್ತಿದ್ದ. ನಾನು ಹೊಡೆಯಲಿಲ್ಲ. ಹೊಡೆದಿದ್ದರೆ ಮುಂದಿನ ಸರ್ವಿಸಿನಲ್ಲಿ ಮೇಸ್ತ್ರಿ ನೋಡಿ ಕೇಳುತ್ತಿದ್ದ. ಅಂದರೆ ಆ ಕಳ್ಳ ಜಾತಕ ಬರೆದವನೂ ನಾನೇ, ಮೂವತ್ತನಾಲ್ಕು ವರ್ಷದ ಮೇಲೆ ಅದನ್ನೇ ಓದಿ ಮೈಕಿನಲ್ಲಿ ತೀರ್ಪು ಕೊಟ್ಟವನೂ ನಾನೇ.

ಅವತ್ತೇ ಎದ್ದು ಹೋಗಿ ಹೇಳಬಹುದಿತ್ತು. ನಾಳೆ ಹೋಗುತ್ತೇನೆ ಅಂದುಕೊಂಡೆ. ಮುಂದಿನ ಪ್ರದರ್ಶನದಲ್ಲಿ ತಿದ್ದುತ್ತೇನೆ ಅಂದುಕೊಂಡೆ. ಅಷ್ಟರಲ್ಲಿ ದೂರದ ಊರುಗಳ ಹಳೆಯ ಯಂತ್ರಗಳ ಸಂಘದವರು ನನ್ನನ್ನು ತೀರ್ಪಿಗೆ ಕರೆಯಲು ಶುರುಮಾಡಿದರು. ಹೆಸರು ಬೆಳೆದಷ್ಟೂ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಿತು. ಭಾವನ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಮೂರು ವರ್ಷದ ಹಿಂದೆ ಅಕ್ಕ ಆಸ್ಪತ್ರೆ ಸೇರಿದಾಗ ನಾನೂ ಭಾವನೂ ಒಂದೇ ಬೆಂಚಿನ ಮೇಲೆ ದಿನಗಟ್ಟಲೆ ಕೂತಿದ್ದೆವು. ಮಾತ್ರೆ, ಡಾಕ್ಟರು, ಕ್ಯಾಂಟೀನಿನ ನೀರುಟೀ ಇವುಗಳ ವಿಷಯ ಮಾತಾಡಿದೆವು. ಅಕ್ಕ ಹೋದಳು. ನಾನು ಮತ್ತೆ ನನ್ನ ಶೆಡ್ಡಿಗೆ ಬಂದೆ.

ಹೋದ ತಿಂಗಳು ಒಂದು ಬೆಳಿಗ್ಗೆ ಲಾರಿಯೊಂದು ಶೆಡ್ಡಿನ ಮುಂದೆ ನಿಂತಿತು. ಮೇಲೆ ಟಾರ್ಪಾಲು ಹೊದ್ದ ಗಾಡಿ. ಡ್ರೈವರನ ಪಕ್ಕದಿಂದ ಇಳಿದವಳು ಪುಟ್ಟಿ, ಅಕ್ಕನ ಒಬ್ಬಳೇ ಮಗಳು. ನಲವತ್ತು ದಾಟಿದ್ದಾಳೆ, ಹಲ್ಲಿನ ಡಾಕ್ಟರು, ಅರ್ಧ ಊರು ಅವಳ ಮುಂದೆ ಬಾಯಿ ಬಿಟ್ಟು ಕೂರುತ್ತದೆ. ನನಗೆ ಮಾತ್ರ ಅವಳು ಪುಟ್ಟಿಯೇ.

ಟಾರ್ಪಾಲಿನ ಒಂದು ಮೂಲೆ ಸರಿದಿತ್ತು. ಮೋಟು ಮೂಗು ಕಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ನಾನು, ಅವಳು ಇನ್ನೂ ಬಾಯಿ ತೆರೆಯುವ ಮೊದಲೇ, ‘ನಾನೇನ್ ಮಾಡ್ದೆ?’ ಎಂದೆ.

‘ಏನೂ ಮಾಡಿಲ್ಲ ಮಾವ, ಈಗ ಮಾಡ್ಬೇಕು,’ ಎಂದು ನಕ್ಕಳು. ‘ಹೊಸ ಮ್ಯೂಸಿಯಂನೋರು ಈ ಟ್ರ್ಯಾಕ್ಟರ್ ಇಟ್ಕೋತೀವಿ ಅಂದಿದಾರೆ. ಬಣ್ಣ ಹೊಡೆಸಿ ಕೊಡ್ಬೇಕು. ಜೊತೆಗೆ ಮಾಡೆಲ್ಲು, ವರ್ಷ, ಮೂಲ ಬಣ್ಣ ಬರೆದು ನಿಮ್ಮ ಸಹಿ ಇರೋ ಕಾಗದ ಬೇಕಂತೆ. ಅದನ್ನೇ ಬೋರ್ಡ್ ಮೇಲೆ ಹಾಕ್ತಾರಂತೆ.’

‘ಭಾವ ಒಪ್ಪಿದ್ರಾ?’

‘ಅಪ್ಪಾನೇ ಹೇಳಿದ್ದು, ಮಾವನ ಹತ್ರಾನೇ ತೋರಿಸು, ಬೇರೆ ಯಾರೂ ಬೇಡ ಅಂತ.’ ಆಮೇಲೆ ದನಿ ತಗ್ಗಿಸಿ, ‘ಮಾವ, ಎರಡನೇ ಸರಣಿ ಅಂತಾನೇ ಬರೀರಿ, ಸಂಕೋಚ ಬೇಡ. ಅಪ್ಪ ಅವತ್ತು ಏನೋ ಆಸೆಗೆ ಬಿದ್ದು ಹಾಗೆ ಮಾಡಿದ್ರು. ಅದೆಲ್ಲ ಹಳೇ ಕಥೆ. ಗಾಲಿಗೆ ಕೆಂಪು ಹೊಡೆಸಿದ್ರಾಯ್ತು,’ ಎಂದಳು.

ಸ್ವಂತ ಮಗಳೂ ನಂಬಿಲ್ಲ. ನನ್ನ ಒಂದು ಮಾತು ಅಷ್ಟು ಆಳಕ್ಕೆ ಇಳಿದಿದೆ. ನನಗೆ ಆ ಕ್ಷಣ ನನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಬಾಯಿಂದ ಬಂದದ್ದು, ‘ಇಳಿಸಿ, ನೋಡೋಣ’ ಅಷ್ಟೇ.

ಪುಟ್ಟಿ ಎರಡು ದಿನ ರಜೆ ಹಾಕಿ ಬಂದಿದ್ದಳು. ಬ್ಯಾಗಿನಿಂದ ಹಲ್ಲು ಕೆರೆಯುವ ಸಣ್ಣ ಕೊಕ್ಕೆಗಳನ್ನು ತೆಗೆದು ಬೆಂಚಿನ ಮೇಲೆ ಸಾಲಾಗಿ ಇಟ್ಟಳು. ‘ಪೇಂಟ್ ಕೆರೆಯೋಕೆ ಇವೇ ಸರಿ. ಪದರ ಪದರವಾಗಿ ಬಿಡಿಸ್ಬೋದು.’

‘ನಿನ್ ಕೈಗೆ ಸಿಕ್ಕೋರ ಗತಿ ಈಗ ಗೊತ್ತಾಯ್ತು,’ ಎಂದೆ.

‘ಅವರು ಕಿರುಚ್ತಾರೆ, ಇದು ಕಿರುಚಲ್ಲ. ಅಷ್ಟೇ ವ್ಯತ್ಯಾಸ.’

ನಾನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು ಕಬ್ಬಿಣದ ಕಡೆ ಹೋದೆ, ಅವಳು ಗಾಲಿಯ ಕಡೆ ಕೂತಳು. ಎಂಜಿನ್ನಿನ ಮೈಮೇಲೆ, ಅದರ ಹೆಡ್ಡಿನ ಮೇಲೆ, ಹಿಂದಿನ ಆ್ಯಕ್ಸಲಿನ ಮೇಲೆ ಎರಕ ಹೊಯ್ದ ದಿನಾಂಕ ಉಬ್ಬಕ್ಷರದಲ್ಲಿ ಇರುತ್ತದೆ. ತಿಂಗಳಿಗೊಂದು ಅಕ್ಷರ, ಪಕ್ಕದಲ್ಲಿ ತಾರೀಖು, ವರ್ಷ. ಹನ್ನೊಂದು ವರ್ಷದ ಹಿಂದೆ ಭಾವನ ಬಟ್ಟೆ ತಲುಪದ ಆ ಸಂದುಗಳಲ್ಲಿ ಅವುಗಳ ಮೇಲೆ ಒಂದಂಗುಲ ಗ್ರೀಸು ಕೂತಿತ್ತು, ಒರೆಸಿ ನೋಡುವ ತಾಳ್ಮೆ ನನಗಿರಲಿಲ್ಲ. ಈಗ ಒರೆಸಿದೆ. ಎಂಜಿನ್ನು ಐವತ್ತೇಳರ ಮಾರ್ಚ್. ಹೆಡ್ಡು ಅದೇ ಮಾರ್ಚ್. ಆ್ಯಕ್ಸಲ್ಲು ಏಪ್ರಿಲ್. ಗೇರ್‌ಬಾಕ್ಸ್ ಮಾತ್ರ ಅರವತ್ತೊಂದರ ನವೆಂಬರ್. ಇಷ್ಟು ಒಟ್ಟಿಗೆ ನೋಡಿದರೆ ಎಳೆಯ ಮಗುವೂ ಹೇಳುತ್ತದೆ, ಗೇರ್‌ಬಾಕ್ಸ್ ಆಮೇಲೆ ಬಂದದ್ದು ಎಂದು. ಇನ್ನೊಂದ್ ಸಲ ನೋಡು ಎಂದು ಭಾವ ಅಂದದ್ದು ಇದಕ್ಕೇ.

‘ಮಾವ, ಇಲ್ಲಿ ಬನ್ನಿ,’ ಎಂದು ಪುಟ್ಟಿ ಕರೆದಳು. ಹಿಂದಿನ ಗಾಲಿಯ ನಟ್ಟುಗಳನ್ನು ಬಿಚ್ಚಿಸಿ, ಡಿಸ್ಕು ರಿಮ್ಮಿಗೆ ಅಂಟಿಕೊಳ್ಳುವ ಜಾಗವನ್ನು ನಾನೇ ಅವಳಿಗೆ ತೋರಿಸಿದ್ದೆ. ಬಿಸಿಲು ಮಳೆ ತಾಗದ ಆ ಜಾಗದಲ್ಲಿ ಕಾರ್ಖಾನೆಯ ಬಣ್ಣ ಹಾಗೇ ಉಳಿದಿರುತ್ತದೆ. ಅದರ ಅಂಚಿನಲ್ಲಿ ಅವಳು ಕೊಕ್ಕೆಯಿಂದ ಕಾಸಿನಗಲ ಕಿಟಕಿ ತೆರೆದಿದ್ದಳು. ‘ಮೇಲೆ ಅಪ್ಪ ಹೊಡೆದ ಕೆನೆ. ಕೆಳಗೆ ಕೆಂಪು. ನೀವು ಅಲ್ಲಿಗೇ ನಿಲ್ಲಿಸಿದ್ರಲ್ವಾ? ಕೆಂಪಿನ ಕೆಳಗೆ ನೋಡಿ.’

ಭೂತಗನ್ನಡಿ ಹಿಡಿದೆ. ಕೆಂಪಿನ ಕೆಳಗೆ ತೆಳ್ಳಗೆ ಧೂಳಿನ ಗೆರೆ, ಅದರ ಕೆಳಗೆ ಮತ್ತೆ ಕೆನೆ. ಮಾಗಿ ಹಳದಿಗೆ ತಿರುಗಿದ ಹಳೆಯ ಕೆನೆ. ಅದರ ಕೆಳಗೆ ಪ್ರೈಮರು, ಆಮೇಲೆ ಬರಿ ಕಬ್ಬಿಣ. ಹಳೆಯದನ್ನು ಹೊಸದೆಂದು ಮಾರಲು ಯಾವನೋ ದಲ್ಲಾಳಿ ಗಾಲಿಗೆ ಕೆಂಪು ಬಳಿದಿದ್ದ. ಸೀಟಿನ ಸ್ಪ್ರಿಂಗಿನ ಅಡಿಯಲ್ಲಿ ಅಚ್ಚ ಬೂದುನೀಲಿ ಸಿಕ್ಕಿತು. ಮೋಟು ಮೂಗಿನ ಒಳಮೈಯಲ್ಲೂ ಅದೇ ನೀಲಿ, ಅದೇ ಧೂಳು. ಮೂಗು ಹುಟ್ಟಿನಿಂದ ಬಂದದ್ದೇ. ಮೊದಲ ಸರಣಿ, ಐವತ್ತೇಳರ ಬೇಸಿಗೆಯದು.

ಪುಟ್ಟಿ ನನ್ನ ಮುಖವನ್ನೇ ನೋಡುತ್ತಿದ್ದಳು. ‘ಹಾಗಾದ್ರೆ ಅಪ್ಪ ಹೇಳಿದ್ದು...’

‘ನಿಜ,’ ಎಂದೆ.

ಅವಳು ಕೈಯಲ್ಲಿದ್ದ ಕೊಕ್ಕೆಯನ್ನು ಕೆಳಗಿಟ್ಟು ಟೈರಿನ ಮೇಲೆ ಕೂತುಬಿಟ್ಟಳು. ಮೂಗು ಒರೆಸಿಕೊಂಡು, ‘ಗೇರ್‌ಬಾಕ್ಸ್ ಮೇಲೆ ಬೇರೆ ನಂಬರ್ ಹೇಗೆ ಬಂತು?’ ಎಂದು ಕೇಳಿದಳು.

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿತ್ತೇ? ಶೆಡ್ಡಿನಲ್ಲಿ ನಾವಿಬ್ಬರೇ ಇದ್ದೆವು. ನಾನು, ‘ಹಳೇ ಗಾಡಿ, ಯಾರೋ ಯಾವಾಗಲೋ ಬದಲಾಯಿಸಿರ್ತಾರೆ,’ ಎಂದು ಹೇಳಿ ಕೈ ತೊಳೆಯಲು ಎದ್ದೆ.

ಕಾಗದವನ್ನೂ ಹಾಗೆಯೇ ಬರೆದೆ. ಮೊದಲ ಸರಣಿ, ವರ್ಷ ಇಂಥದ್ದು, ಮೈ ಬೂದುನೀಲಿ, ಗಾಲಿ ಕೆನೆ. ‘ಗೇರ್‌ಬಾಕ್ಸಿನ ಹೊರಕವಚವನ್ನು ಹಿಂದೆ ಯಾರೋ ಬದಲಾಯಿಸಿದ್ದು, ಇದರಿಂದ ಹಿಂದಿನ ತೀರ್ಪಿನಲ್ಲಿ ತಪ್ಪಾಗಿದೆ.’ ಬರೆದು ಓದಿಕೊಂಡಾಗ ಸಮಾಧಾನವೇ ಆಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಭಾವನಿಗೆ ಮಾನ ಬಂತು, ನನಗೂ ಹೋಗಲಿಲ್ಲ.

ಪುಟ್ಟಿ ಕಾಗದ ಓದಿ ನನ್ನ ಕೈ ಹಿಡಿದುಕೊಂಡಳು. ‘ಮಾವ, ನೀವು ದೊಡ್ಡೋರು. ತಮ್ಮ ತೀರ್ಪನ್ನ ತಾವೇ ತಪ್ಪು ಅಂತ ಯಾರು ಬರೀತಾರೆ ಈ ಕಾಲದಲ್ಲಿ?’ ಎಂದಳು. ನಾಲ್ಕು ಬಾರಿಸಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಅಲ್ಲೇ ನಿಂತು ಅಪ್ಪನಿಗೆ ಫೋನು ಮಾಡಿ, ಸ್ಪೀಕರ್ ಹಾಕಿ, ಕಾಗದವನ್ನು ಪೂರ್ತಿ ಓದಿ ಹೇಳಿದಳು.

‘ಗೇರ್‌ಬಾಕ್ಸ್ ಯಾರು ಬದಲಾಯಿಸಿದ್ದು ಅಂತ ಬರೆದಿದಾನೆ?’ ಎಂದರು ಭಾವ.

‘ಯಾರೋ ಅಂತ ಬರೆದಿದಾರಪ್ಪ.’

‘ಯಾರೋ. ಸರಿ, ಇಡ್ತೀನಿ.’

ಪುಟ್ಟಿಗೆ ಏನೂ ಅರ್ಥವಾಗಲಿಲ್ಲ. ಅಪ್ಪನಿಗೆ ಖುಷಿಯಾಗಿ ಮಾತು ಹೊರಡುತ್ತಿಲ್ಲ ಅಂದುಕೊಂಡಳು. ನನಗೆ ಆ ‘ಯಾರೋ’ ಕಿವಿಯಿಂದ ಹೋಗಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು, ಎದುರಿಗೆ ಕೂತವರು ಅಷ್ಟೂ ವರ್ಷ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು. ‘ಆ ಕಾಗದ ಕೊಡು, ನಾನೂ ಬರ್ತೀನಿ,’ ಎಂದು ಅಂಗಿ ಬದಲಾಯಿಸಿ ಅವಳ ಜೊತೆಯೇ ಹೊರಟೆ.

ಭಾವ ಈಗ ಮಗಳ ಜೊತೆ ಇದ್ದಾರೆ, ಕ್ಲಿನಿಕ್ಕಿನ ಮೇಲಿನ ಮನೆಯಲ್ಲಿ. ನಾನು ಹೋದಾಗ ಕಿಟಕಿಯ ಪಕ್ಕದ ಮೇಜಿನ ಮೇಲೆ ಹಳೆಯ ಟೇಬಲ್ ಫ್ಯಾನು ಬಿಚ್ಚಿ ಹರಡಿಕೊಂಡಿದ್ದರು. ಪುಟ್ಟಿ ಕೆಳಗೆ ಕಾದಿದ್ದ ಹಲ್ಲುನೋವಿನವರೊಬ್ಬರನ್ನು ನೋಡಿ ಬರುತ್ತೇನೆಂದು ಇಳಿದುಹೋದಳು. ಕೂರು ಅನ್ನಲಿಲ್ಲ ಭಾವ. ನಾನೇ ಕೂತೆ.

‘ಭಾವ, ಆ ಗೇರ್‌ಬಾಕ್ಸ್ ಕೂರಿಸಿದ್ದು ನಾನು. ಆಯಿಲ್ ಹಾಕದೆ ಮುರಿದದ್ದೂ ನಾನೇ. ಹಳೇ ನಂಬರ್ ಹೊಡೀದೆ ಬಿಟ್ಟೋನೂ ನಾನೇ. ಪ್ರದರ್ಶನ ಆಗಿ ಮೂರನೇ ದಿನಕ್ಕೇ ನೆನಪಾಯ್ತು. ಹನ್ನೊಂದು ವರ್ಷ ಬಾಯಿ ಮುಚ್ಕೊಂಡಿದ್ದೆ.’ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

‘ಮೂರನೇ ದಿನಕ್ಕೆ,’ ಎಂದರು ಭಾವ. ಫ್ಯಾನಿನ ಸ್ಕ್ರೂ ಒಂದನ್ನು ಡಬ್ಬಿಗೆ ಹಾಕಿದರು. ‘ನಿನಗೆ ಮರೆತೇ ಹೋಗಿದೆಯೇನೋ ಅಂತ ನಾನು ಎಷ್ಟೋ ಸಲ ಅಂದ್ಕೊಂಡಿದೀನಿ. ಹಾಗೆ ಅಂದ್ಕೊಂಡಾಗ ಸ್ವಲ್ಪ ಹಗುರ ಆಗ್ತಿತ್ತು.’

‘ನೀವ್ಯಾಕೆ ಅವತ್ತೇ ಹೇಳ್ಲಿಲ್ಲ ಭಾವ? ಮೈಕ್ ಮುಂದೇನೇ ಹೇಳ್ಬೋದಿತ್ತು.’

‘ಏನಂತ? ಈ ತೀರ್ಪು ಹೇಳೋನು ಹುಡುಗನಾಗಿದ್ದಾಗ ಮುರಿದು ಹಾಕಿದ್ದು ಇದು ಅಂತಲಾ? ಜನ ನನ್ನ ನೋಡಿ ನಗ್ತಿದ್ರು, ಆಮೇಲೆ ನಿನ್ನ ನೋಡಿ ನಗೋರು. ಒಂದ್ ಮನೇಲಿ ಇಬ್ರು ಯಾಕೆ ಅಂತ ಸುಮ್ನಾದೆ. ವಾರದಲ್ಲಿ ನೀನೇ ಬರ್ತೀಯ ಅಂದ್ಕೊಂಡಿದ್ದೆ. ಬರ್ಲಿಲ್ಲ.’

ನಾನು ತಲೆ ತಗ್ಗಿಸಿದೆ. ‘ಮುಂದಿನ ಪ್ರದರ್ಶನದಲ್ಲಿ ಎಲ್ಲರ ಎದುರಿಗೇ ಹೇಳ್ತೀನಿ. ಅದೇ ಮೈಕಲ್ಲಿ.’

‘ಹೇಳು. ಆದ್ರೆ ಅಲ್ಲಿರೋರ ಚಿಂತೆ ನನಗಿಲ್ಲ ಮಾರಾಯ. ನಾನು ಚಿಂತೆ ಮಾಡಿದ್ದು ನಿಮ್ಮಕ್ಕನದು.’ ಭಾವ ಮೊದಲ ಸಲ ನನ್ನ ಕಡೆ ತಿರುಗಿದರು. ‘ಅವತ್ತು ಮನೆಗೆ ಬಂದು ಅವಳಿಗೆ ಹೇಳ್ದೆ, ಗೇರ್‌ಬಾಕ್ಸ್ ಬದಲಾಯಿಸಿದ್ವಲ್ಲ ಕಣೇ, ಅದರ ನಂಬರ್ ಅದು ಅಂತ. “ಅದನ್ನ ಕೂರಿಸಿದ್ದೇ ನನ್ ತಮ್ಮ, ಅವನಿಗೆ ಅಷ್ಟೂ ನೆನಪಿರಲ್ವಾ? ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅನ್ಬೇಡಿ” ಅಂದ್ಳು. ಮತ್ತೆ ನಾನು ಆ ಮಾತು ಎತ್ತಲಿಲ್ಲ.’

ಕೆಳಗೆ ಪುಟ್ಟಿಯ ಮಿಷನ್ನು ಗುಂಯ್‌ಗುಡುವ ಸದ್ದು ಕೇಳಿಸುತ್ತಿತ್ತು.

‘ಆಸ್ಪತ್ರೇಲಿ ಕೊನೇ ವಾರ,’ ಎಂದರು ಭಾವ. ‘ನೀನು ಟೀ ತರೋಕೆ ಹೋಗಿದ್ದೆ. ನಿಮ್ಮಕ್ಕ ನನ್ನನ್ನ ಹತ್ರ ಕೂರಿಸ್ಕೊಂಡು ಕೈ ಹಿಡ್ಕೊಂಡ್ಳು. “ಆ ಟ್ರ್ಯಾಕ್ಟರ್ ವಿಷ್ಯದಲ್ಲಿ ನೀವು ಸುಳ್ಳು ಹೇಳಿದ್ದನ್ನ ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ. ಕ್ಷಮಿಸಿದೀನಿ, ನೀವು ಕೊರಗಬೇಡಿ” ಅಂದ್ಳು. ನಾನು ಆಯ್ತು ಅಂದೆ. ಅಷ್ಟು ಸುಸ್ತಾಗಿರೋಳ ಹತ್ರ ವಾದ ಮಾಡಕ್ಕಾಗುತ್ತಾ?’

ಆ ದಿನ ನನಗೆ ನೆನಪಿದೆ. ಮೂರು ಲೋಟ ಟೀ ಹಿಡಿದು ಬಾಗಿಲು ತಳ್ಳಿದ್ದೆ, ಅಕ್ಕ ನನ್ನನ್ನು ನೋಡಿ ನಕ್ಕಿದ್ದಳು, ಭಾವ ಕಿಟಕಿಯ ಕಡೆ ಮುಖ ಮಾಡಿದ್ದರು. ಅವಳು ಇನ್ನೂ ಆರು ದಿನ ಇದ್ದಳು. ಆ ಆರು ದಿನದಲ್ಲಿ ಯಾವತ್ತಾದರೂ ನಾನು ಬಾಯಿ ಬಿಡಬಹುದಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ನಾನು ಭಾವನಿಂದ ಕಸಿದದ್ದು ಮಾನ ಮಾತ್ರ ಅಲ್ಲ. ಕ್ಷಮಿಸಿ ಎನ್ನಲು ಬಾಯಿ ತೆರೆದವನು, ಆ ಶಬ್ದ ಈ ಮನುಷ್ಯನ ಮೇಲೆ ಒಮ್ಮೆ ಹೇಗೆ ಬಿದ್ದಿದೆ ಎಂದು ನೆನೆದು ಹಾಗೇ ಮುಚ್ಚಿದೆ.

ಮೇಜಿನ ತುದಿಯಲ್ಲಿ ಬಿಳಿ ಹಾಳೆಯಿತ್ತು. ಕಾಗದವನ್ನು ಮೊದಲಿನಿಂದ ಬರೆದೆ. ಗೇರ್‌ಬಾಕ್ಸಿನ ಸಾಲಿಗೆ ಬಂದಾಗ, ಹಳೆಯದು ಮುರಿದದ್ದು ನನ್ನ ಅಜಾಗರೂಕತೆಯಿಂದ, ಬೇರೆಯದನ್ನು ನಾನು ಮತ್ತು ನನ್ನ ಭಾವ ಸೇರಿ ಕೂರಿಸಿದೆವು, ಹಳೆಯ ನಂಬರು ಹೊಡೆಯದೆ ಮುಚ್ಚಿಟ್ಟವನು ನಾನು, ತಿಳಿದ ಮೇಲೂ ಹನ್ನೊಂದು ವರ್ಷ ತೀರ್ಪು ತಿದ್ದಲಿಲ್ಲ ಎಂದು ಬರೆದೆ. ಅಷ್ಟರಲ್ಲಿ ಪುಟ್ಟಿ ಮೇಲೆ ಬಂದು ನನ್ನ ಹೆಗಲ ಹಿಂದೆ ನಿಂತು ಓದುತ್ತಿದ್ದಳು. ಓದಿ ಮುಗಿಸಿ, ಸುತ್ತಿ ಹೋಗಿ ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಅವರ ಮೊಣಕಾಲಿಗೆ ಹಣೆ ಒತ್ತಿಕೊಂಡಳು. ‘ನಾನೂ ಅಮ್ಮನ ಜೊತೆ ಸೇರ್ಕೊಂಡು ನಿಮ್ಮನ್ನ ನಂಬ್ಲಿಲ್ಲ ಅಪ್ಪ,’ ಎಂದಳು. ಭಾವ ಅವಳ ತಲೆಯ ಮೇಲೆ ಕೈಯಿಟ್ಟರು.

ಆಮೇಲೆ ಇನ್ನೊಂದು ಕೈ ಚಾಚಿ ಕಾಗದ ತೆಗೆದುಕೊಂಡು, ಕನ್ನಡಕ ಏರಿಸಿ, ಒಂದೊಂದೇ ಸಾಲು ಓದಿದರು. ಓದಿ ನನ್ನ ಮುಂದಿಟ್ಟು, ‘ನಾನು ಮತ್ತು ನನ್ನ ಭಾವ ಸೇರಿ’ ಎಂದಿದ್ದ ಕಡೆ ಬೆರಳು ಒತ್ತಿದರು.

‘ಇಲ್ಲಿ ನನ್ನ ಸೇರಿಸ್ಬೇಡ,’ ಎಂದರು. ‘ನಾನು ಜಾಕ್ ಹಿಡ್ಕೊಂಡಿದ್ದೆ, ಅಷ್ಟೇ.’

ಭಾವ ಎಂಬ ಮಾತನ್ನು ಅಲ್ಲಿಂದ ಹೊಡೆದುಹಾಕಿ, ಎಲ್ಲವನ್ನೂ ನನ್ನೊಬ್ಬನ ಹೆಸರಿಗೆ ಬರೆದು, ಕೆಳಗೆ ಸಹಿ ಹಾಕಿದೆ.